ಲೆಕ್ಕ ಹಾಕಿ ಕೊಂದವನ ಮತಿ

2012ರ ಜುಲೈ 20ರ ನಡುರಾತ್ರಿ, ಅಮೆರಿಕದ ಕೊಲರಾಡೊ ರಾಜ್ಯದ ಅರೋರಾ ನಗರದಲ್ಲಿ ಹೊಸ ಸಿನಿಮಾದ ಮೊದಲ ಪ್ರದರ್ಶನಕ್ಕೆ ಕಿಕ್ಕಿರಿದಿದ್ದ ಚಿತ್ರಮಂದಿರಕ್ಕೆ ನುಗ್ಗಿದ ಯುವಕನೊಬ್ಬ ಮನಸೋಇಚ್ಛೆ ಗುಂಡು ಹಾರಿಸಿದ. 12 ಮಂದಿ ಸತ್ತರು, 70 ಮಂದಿ ಗಾಯಗೊಂಡರು. ಸತ್ತವರಲ್ಲಿ 6 ವರ್ಷದ ಹುಡುಗಿಯೂ ಇದ್ದಳು. ಮೂರು ದಿನ ಕಳೆದು ಆರೋಪಿಯನ್ನು ನ್ಯಾಯಾಲಯಕ್ಕೆ ಕರೆತಂದಾಗ ಟಿವಿಯಲ್ಲಿ ಕಂಡದ್ದು ಕಿತ್ತಳೆ ಬಣ್ಣ ಬಳಿದ ಕೂದಲು, ತೂಕಡಿಸುವವನಂತೆ ಮುಚ್ಚಿಕೊಳ್ಳುತ್ತಿದ್ದ ಕಣ್ಣುಗಳು. ಅಷ್ಟನ್ನೇ ನೋಡಿ ಕೆಲವರು ಹುಚ್ಚ ಎಂದರು, ಕೆಲವರು ನಾಟಕ ಎಂದರು. ಆತ ತನ್ನನ್ನು ಸಿನಿಮಾದ ಖಳನಾಯಕನೆಂದು ಪೊಲೀಸರಿಗೆ ಪರಿಚಯಿಸಿಕೊಂಡನಂತೆ ಎಂಬ ಸುದ್ದಿ ಅಂದೇ ಹಬ್ಬಿತು. ಅದಕ್ಕೆ ಆಧಾರವಿಲ್ಲ ಎಂಬುದು ಆಮೇಲೆ ಗೊತ್ತಾದರೂ ಅದನ್ನು ನಿಜವೆಂದೇ ನಂಬಿದವರು ಈಗಲೂ ಇದ್ದಾರೆ.

ಆತನ ಹೆಸರನ್ನು ನಾನು ಇಲ್ಲಿ ಬರೆಯುತ್ತಿಲ್ಲ. ಇಂತಹ ಕೊಲೆಗಾರರ ಹೆಸರನ್ನು ಮೆರೆಸಬೇಡಿ ಎಂದು ಮಾಧ್ಯಮಗಳನ್ನು ಕೇಳಿಕೊಂಡವರಲ್ಲಿ ಅಂದು ಮಗನನ್ನು ಕಳೆದುಕೊಂಡ ತಂದೆತಾಯಿಯೂ ಇದ್ದಾರೆ. ಅವರ ಮಾತು ನನಗೆ ನ್ಯಾಯವಾಗಿಯೇ ಕಾಣುತ್ತದೆ.

ಘಟನೆಯ ವಿವರಗಳು ಹೊರಬಂದಂತೆ ಜನರ ಒಲವು ಒಂದು ಕಡೆಗೆ ವಾಲಿತು. ಆತ ನರವಿಜ್ಞಾನದಲ್ಲಿ ಪಿಎಚ್‌ಡಿ ಮಾಡುತ್ತಿದ್ದ ವಿದ್ಯಾರ್ಥಿ. ಮೇ ತಿಂಗಳಿನಿಂದ ಜುಲೈ ಹೊತ್ತಿಗೆ ನಾಲ್ಕು ಬಂದೂಕುಗಳನ್ನೂ ಸಾವಿರಾರು ಗುಂಡುಗಳನ್ನೂ ಕಾನೂನುಬದ್ಧವಾಗಿಯೇ ಖರೀದಿಸಿದ್ದ. ಮೈಗೆ ರಕ್ಷಾಕವಚ ತೊಟ್ಟಿದ್ದ. ಬಾಗಿಲು ತೆರೆದವರು ಸಾಯುವಂತೆ ತನ್ನ ಮನೆಯೊಳಗೆ ಸ್ಫೋಟಕಗಳನ್ನು ಹೂಡಿಟ್ಟು ಬಂದಿದ್ದ. ಇಷ್ಟೆಲ್ಲ ಅಚ್ಚುಕಟ್ಟಾಗಿ ಸಂಚು ಮಾಡಿದವನಿಗೆ ಮತಿ ಕೆಟ್ಟಿರಲು ಹೇಗೆ ಸಾಧ್ಯ? ಕೇಳಿದಾಕ್ಷಣ ಸರಿಯೆನಿಸುವ ಪ್ರಶ್ನೆ ಇದು. ಆದರೆ ಸಂಚು ಹೂಡುವ ಸಾಮರ್ಥ್ಯ ಮತ್ತು ಮತಿಸ್ಥಿಮಿತ ಒಂದೇ ಎಂಬ ಊಹೆ ಇದರೊಳಗೆ ಅಡಗಿದೆ. ಮನೋವೈದ್ಯಶಾಸ್ತ್ರವಾಗಲಿ ಕಾನೂನಾಗಲಿ ಅದನ್ನು ಒಪ್ಪುವುದಿಲ್ಲ.

ಸೈಕೋಸಿಸ್ ಎಂದರೆ ಬುದ್ಧಿಯೆಲ್ಲ ಚೆಲ್ಲಾಪಿಲ್ಲಿಯಾಗಿ ಮನುಷ್ಯ ಅಸಂಬದ್ಧವಾಗಿ ಕೂಗಾಡುತ್ತ ತಿರುಗುವ ಸ್ಥಿತಿ ಎಂದು ಬಹುತೇಕರು ತಿಳಿದಿದ್ದಾರೆ. ಅಂತಹ ರೋಗಿಗಳೂ ಉಂಟು. ಆದರೆ ಈ ಸ್ಥಿತಿಯ ತಿರುಳು ಭ್ರಮೆ, ಅಂದರೆ ಯಾವ ಪುರಾವೆಗೂ ಜಗ್ಗದ ಸುಳ್ಳು ನಂಬಿಕೆ. ಅದು ಹುಟ್ಟುವ ಬಗೆಯನ್ನು ವಿವರಿಸುವ ಒಂದು ಪ್ರಮುಖ ವಾದ ಡೋಪಮೈನ್ ಎಂಬ ರಾಸಾಯನಿಕದತ್ತ ಬೆರಳು ಮಾಡುತ್ತದೆ. ಸುತ್ತಲಿನ ಸಾವಿರ ಸಂಗತಿಗಳಲ್ಲಿ ಯಾವುದಕ್ಕೆ ಗಮನ ಕೊಡಬೇಕು ಎಂದು ಮಿದುಳಿಗೆ ಸೂಚಿಸುವುದರಲ್ಲಿ ಡೋಪಮೈನ್‌ಗೆ ದೊಡ್ಡ ಪಾತ್ರವಿದೆ. ಅದು ಹೊತ್ತಲ್ಲದ ಹೊತ್ತಿನಲ್ಲಿ ಸ್ರವಿಸಿದರೆ ಎದುರು ಹೋದ ಕಾರು, ಪಕ್ಕದವರ ಕೆಮ್ಮು, ಗೋಡೆಯ ಮೇಲಿನ ಅಂಕಿ ಎಲ್ಲವೂ ತನಗಾಗಿಯೇ ಇಟ್ಟ ಸಂಕೇತಗಳಂತೆ ಕಾಣತೊಡಗುತ್ತವೆ. ಇದಕ್ಕೆಲ್ಲ ಏನೋ ಅರ್ಥವಿರಲೇಬೇಕು ಎಂದು ಮನಸ್ಸು ಕಥೆ ಕಟ್ಟುತ್ತದೆ. ಆ ಕಥೆಯೇ ಭ್ರಮೆಯಾಗಿ ಬೇರೂರುತ್ತದೆ.

ಗಮನಿಸಬೇಕಾದ್ದು ಇಲ್ಲಿ. ಕಥೆ ಕಟ್ಟುವುದಕ್ಕೂ ಅದಕ್ಕೆ ತಕ್ಕಂತೆ ನಡೆಯುವುದಕ್ಕೂ ತರ್ಕ ಬೇಕು. ಸೈಕೋಸಿಸ್ ಕಾಣಿಸಿಕೊಳ್ಳುವ ಗಂಭೀರ ಮಾನಸಿಕ ಕಾಯಿಲೆಯಾದ ಸ್ಕಿಜೋಫ್ರೇನಿಯಾ ಇರುವ ಅನೇಕರಲ್ಲಿ ಯೋಜನಾಶಕ್ತಿ ಕುಗ್ಗುತ್ತದೆ, ನಿಜ. ಎಲ್ಲರಲ್ಲೂ ಒಂದೇ ಪ್ರಮಾಣದಲ್ಲಿ ಕುಗ್ಗುವುದಿಲ್ಲ. ಕೈಯಲ್ಲಿರುವ ನಕ್ಷೆ ತಪ್ಪಾಗಿದ್ದರೂ ಚಾಲಕ ಗೇರು ಬದಲಿಸುವುದನ್ನು ಮರೆಯುವುದಿಲ್ಲ. ತಪ್ಪು ಊರಿಗೆ ನಿಖರವಾಗಿಯೇ ತಲುಪುತ್ತಾನೆ. ಶತ್ರುಗಳು ತನ್ನನ್ನು ಕೊಲ್ಲಲು ಬರುತ್ತಿದ್ದಾರೆಂದು ನಂಬಿದವನು ಬೀಗ ಬದಲಿಸುತ್ತಾನೆ, ಹಣ ಕೂಡಿಸುತ್ತಾನೆ, ಯಾರಿಗೂ ತಿಳಿಯದಂತೆ ಆಯುಧ ಕೊಳ್ಳುತ್ತಾನೆ. ನಂಬಿಕೆಯನ್ನು ನಿಜವೆಂದು ಒಪ್ಪಿಕೊಂಡರೆ ಅವನ ಪ್ರತಿ ಹೆಜ್ಜೆಯೂ ವಿವೇಕದ್ದಾಗಿಯೇ ಕಾಣುತ್ತದೆ.

ಇದು ಎಷ್ಟು ನಿಜ ಎಂಬುದನ್ನು ಟೆಕ್ಸಾಸ್‌ನ ಪ್ರಕರಣವೊಂದು ತೋರಿಸಿತು. 2001ರ ಜೂನ್‌ನಲ್ಲಿ ತೀವ್ರ ಸೈಕೋಸಿಸ್‌ನಿಂದ ಬಳಲುತ್ತಿದ್ದ ತಾಯಿಯೊಬ್ಬಳು ತನ್ನ ಐದು ಮಕ್ಕಳನ್ನು ಸ್ನಾನದ ತೊಟ್ಟಿಯಲ್ಲಿ ಮುಳುಗಿಸಿ ಕೊಂದಳು. ಗಂಡ ಕೆಲಸಕ್ಕೆ ಹೊರಡುವವರೆಗೆ ಕಾದಿದ್ದಳು. ಅತ್ತೆ ಮನೆಗೆ ಬರುವಷ್ಟರೊಳಗೆ ಮುಗಿಸಿದಳು. ಆಮೇಲೆ ತಾನೇ ಪೊಲೀಸರಿಗೆ ಫೋನ್ ಮಾಡಿದಳು. ಕಾದದ್ದು ಸಂಚು, ಫೋನ್ ಮಾಡಿದ್ದು ತಪ್ಪಿನ ಅರಿವು ಎಂದಿತು ಪ್ರಾಸಿಕ್ಯೂಷನ್. ತಾನು ಕೆಟ್ಟ ತಾಯಿ, ತನ್ನ ಕೈಯಲ್ಲಿ ಬೆಳೆದರೆ ಮಕ್ಕಳು ನರಕಕ್ಕೆ ಹೋಗುತ್ತಾರೆ, ಈಗಲೇ ಸತ್ತರೆ ಉಳಿಯುತ್ತಾರೆ ಎಂಬ ಭ್ರಮೆ ಆಕೆಯದು. ಆ ನಂಬಿಕೆಯ ಒಳಗೆ ನಿಂತವಳಿಗೆ ಅಡ್ಡಿ ಬರುವವರು ಹೊರಹೋಗಲಿ ಎಂದು ಕಾಯುವುದು ಮಕ್ಕಳನ್ನು ಉಳಿಸುವ ದಾರಿಯೇ ಆಗಿತ್ತು. 2002ರಲ್ಲಿ ತೀರ್ಪುಗಾರರು, ಅಂದರೆ ಜನಸಾಮಾನ್ಯರಿಂದ ಆಯ್ದ ಜ್ಯೂರಿ ಮಂಡಳಿಯವರು, ಆಕೆಯನ್ನು ಅಪರಾಧಿ ಎಂದರು.

ಆ ತೀರ್ಪು ನಿಲ್ಲಲಿಲ್ಲ. ತಾಯಿಯೊಬ್ಬಳು ಮಕ್ಕಳನ್ನು ಮುಳುಗಿಸಿ ಕೊಂದು ಮತಿಭ್ರಮಣೆಯ ವಾದದಿಂದ ಬಿಡುಗಡೆಯಾಗುವ ಕಥೆ ಟಿವಿ ಧಾರಾವಾಹಿಯೊಂದರಲ್ಲಿ ಸ್ವಲ್ಪ ಮೊದಲು ಪ್ರಸಾರವಾಗಿತ್ತು ಎಂದು ಪ್ರಾಸಿಕ್ಯೂಷನ್ ಪರ ತಜ್ಞರು ಸಾಕ್ಷ್ಯ ನುಡಿದಿದ್ದರು. ಅಂತಹ ಕಂತೇ ಇರಲಿಲ್ಲ. ಆ ತಪ್ಪಿನ ಕಾರಣದಿಂದ 2005ರಲ್ಲಿ ತೀರ್ಪು ರದ್ದಾಯಿತು. 2006ರ ಮರುವಿಚಾರಣೆಯಲ್ಲಿ ಅದೇ ಘಟನೆ, ಅದೇ ಕಾಯುವಿಕೆ, ಅದೇ ಫೋನ್ ಕರೆಯನ್ನು ತೂಗಿ ನೋಡಿದ ಇನ್ನೊಂದು ಮಂಡಳಿ ಮತಿಭ್ರಮಣೆಯ ಕಾರಣಕ್ಕೆ ಆಕೆ ನಿರಪರಾಧಿ ಎಂದಿತು. ಆಕೆಯನ್ನು ಮಾನಸಿಕ ಆಸ್ಪತ್ರೆಗೆ ಕಳುಹಿಸಲಾಯಿತು.

ಕಾನೂನಿನ ಪ್ರಶ್ನೆಗೆ ಬರೋಣ. ಇದರ ಬೇರು ಲಂಡನ್ನಿನಲ್ಲಿದೆ. 1843ರ ಜನವರಿಯಲ್ಲಿ ಡೇನಿಯಲ್ ಮೆಕ್‌ನಾಟನ್ ಎಂಬಾತ, ಆಡಳಿತ ಪಕ್ಷ ತನ್ನನ್ನು ಬೆನ್ನಟ್ಟಿ ಹಿಂಸಿಸುತ್ತಿದೆ ಎಂದು ನಂಬಿ, ಪ್ರಧಾನಿ ರಾಬರ್ಟ್ ಪೀಲ್ ಎಂದುಕೊಂಡು ಅವರ ಕಾರ್ಯದರ್ಶಿ ಎಡ್ವರ್ಡ್ ಡ್ರಮಂಡ್‌ಗೆ ಗುಂಡಿಟ್ಟ. ಅವನೂ ಪಿಸ್ತೂಲು ಹಿಡಿದು ಹೊಂಚು ಹಾಕಿದವನೇ. ನ್ಯಾಯಾಲಯ ಅವನನ್ನು ಖುಲಾಸೆ ಮಾಡಿದಾಗ ವಿಕ್ಟೋರಿಯಾ ರಾಣಿಯೂ ಸೇರಿದಂತೆ ಅನೇಕರು ಸಿಟ್ಟಿಗೆದ್ದರು. ಬ್ರಿಟಿಷ್ ಸಂಸತ್ತಿನ ಮೇಲ್ಮನೆಯಾದ ಹೌಸ್ ಆಫ್ ಲಾರ್ಡ್ಸ್ ನ್ಯಾಯಾಧೀಶರಿಂದ ವಿವರಣೆ ಕೇಳಿತು. ಅವರು ಕೊಟ್ಟ ಉತ್ತರವೇ ಮೆಕ್‌ನಾಟನ್ ನಿಯಮ: ಮನಸ್ಸಿನ ಕಾಯಿಲೆಯಿಂದಾಗಿ ಆರೋಪಿಗೆ ತಾನು ಮಾಡುತ್ತಿರುವುದು ಏನೆಂಬುದೇ ತಿಳಿದಿರಲಿಲ್ಲವೇ, ಅಥವಾ ಅದು ತಪ್ಪು ಎಂದು ತಿಳಿದಿರಲಿಲ್ಲವೇ? ಸಂಚು ಹೂಡಿದ್ದನೇ ಎಂಬ ಪ್ರಶ್ನೆ ಇದರಲ್ಲಿ ಇಲ್ಲವೇ ಇಲ್ಲ. ಕಾಯಿಲೆ ಇದೆ ಎಂದಷ್ಟೇ ತೋರಿಸಿದರೂ ಸಾಲದು.

ಅಮೆರಿಕದಲ್ಲಿ ಈ ವಿಷಯ ರಾಜ್ಯದಿಂದ ರಾಜ್ಯಕ್ಕೆ ಬೇರೆ. 1981ರಲ್ಲಿ ಅಧ್ಯಕ್ಷ ರೇಗನ್ ಅವರಿಗೆ ಗುಂಡು ಹಾರಿಸಿದವನು ಮರುವರ್ಷ ಮತಿಭ್ರಮಣೆಯ ವಾದದಿಂದ ನಿರಪರಾಧಿಯಾದಾಗ ದೇಶವೇ ಕೆರಳಿತು. 1984ರ ಕೇಂದ್ರ ಕಾನೂನು ಮತಿಭ್ರಮಣೆಯನ್ನು ಸಾಬೀತುಪಡಿಸುವ ಹೊಣೆಯನ್ನು ಆರೋಪಿಯ ಹೆಗಲಿಗೆ ಹೊರಿಸಿತು. ಕೆಲವು ರಾಜ್ಯಗಳು ಆ ವಾದದ ಹಳೆಯ ರೂಪವನ್ನೇ ಕೈಬಿಟ್ಟಿವೆ. ಅರೋರಾ ಇರುವ ಕೊಲರಾಡೊದಲ್ಲಿ ಹೊಣೆ ತಿರುಗುಮುರುಗು: ಆರೋಪಿಯ ಕಡೆಯವರು ಪ್ರಶ್ನೆ ಎತ್ತಿ ಸಾಕ್ಷ್ಯ ಮುಂದಿಟ್ಟರೆ, ಆತ ಸ್ವಸ್ಥನಾಗಿದ್ದ ಎಂಬುದನ್ನು ಸಂಶಯಕ್ಕೆ ಎಡೆಯಿಲ್ಲದಂತೆ ಪ್ರಾಸಿಕ್ಯೂಷನ್ ಸಾಬೀತು ಮಾಡಬೇಕು.

ಹೀಗಾಗಿ ಅರೋರಾ ಪ್ರಕರಣದ ವಿಚಾರಣೆಯಲ್ಲಿ ಒಂದು ನೋಟ್‌ಬುಕ್ ಎಲ್ಲಕ್ಕಿಂತ ಮುಖ್ಯವಾಯಿತು. ದಾಳಿಗೆ ಸ್ವಲ್ಪ ಮೊದಲು ಆರೋಪಿ ಅದನ್ನು ತನಗೆ ಚಿಕಿತ್ಸೆ ನೀಡಿದ್ದ ಮನೋವೈದ್ಯೆಗೆ ಅಂಚೆಯಲ್ಲಿ ಕಳುಹಿಸಿದ್ದ. ಕೆಲವು ಪುಟಗಳಲ್ಲಿ ಚಿತ್ರಮಂದಿರದ ನಕ್ಷೆಗಳಿವೆ. ಯಾವ ಸಭಾಂಗಣ ಅನುಕೂಲ, ಬಾಗಿಲುಗಳು ಹೇಗಿವೆ, ಪೊಲೀಸರು ಎಷ್ಟು ಬೇಗ ಬಂದಾರು ಎಂಬ ಲೆಕ್ಕವಿದೆ. ವಿಮಾನ ನಿಲ್ದಾಣದ ಯೋಚನೆಯನ್ನು ಬಿಟ್ಟದ್ದೇಕೆಂದೂ ಬರೆದಿದ್ದಾನೆ: ಅಲ್ಲಿ ಭದ್ರತೆ ಹೆಚ್ಚು, ಅಲ್ಲದೆ ಜನ ಅದನ್ನು ಭಯೋತ್ಪಾದನೆ ಎಂದುಕೊಂಡಾರು. ಅದೇ ನೋಟ್‌ಬುಕ್‌ನ ಬೇರೆ ಪುಟಗಳಲ್ಲಿ ಬದುಕು ಮತ್ತು ಸಾವಿನ ಬೆಲೆಯನ್ನು ಸಮೀಕರಣವಾಗಿಸುವ ಚಿಹ್ನೆಗಳಿವೆ, ತನಗೆ ಇರಬಹುದಾದ ಮಾನಸಿಕ ಕಾಯಿಲೆಗಳ ಪಟ್ಟಿಯಿದೆ. ‘ಏಕೆ’ ಎಂಬ ಒಂದೇ ಪ್ರಶ್ನೆ ಪುಟದ ಮೇಲೆ ಪುಟ ತುಂಬಿದೆ. ಒಬ್ಬರನ್ನು ಕೊಂದರೆ ಅವರ ಬದುಕಿನ ಮೌಲ್ಯ ತನ್ನ ಖಾತೆಗೆ ಸೇರುತ್ತದೆ ಎಂದು ಆತ ವೈದ್ಯರ ಬಳಿ ಹೇಳಿದ್ದ.

ಈ ನೋಟ್‌ಬುಕ್‌ನ ಅರ್ಧವನ್ನು ಹಿಡಿದು ಸಂಚುಗಾರ ಎನ್ನಬಹುದು, ಉಳಿದರ್ಧ ಹಿಡಿದು ರೋಗಿ ಎನ್ನಬಹುದು. ಎರಡೂ ನಿಜ. ಒಂದು ಇನ್ನೊಂದನ್ನು ಅಳಿಸುವುದಿಲ್ಲ ಎಂಬುದನ್ನು ಒಪ್ಪಿಕೊಳ್ಳುವುದೇ ನಮಗೆ ಕಷ್ಟ. ನ್ಯಾಯಾಲಯ ನೇಮಿಸಿದ್ದ ಇಬ್ಬರು ಮನೋವೈದ್ಯರು ಆತನಿಗೆ ಗಂಭೀರ ಮಾನಸಿಕ ತೊಂದರೆ ಇದೆ ಎಂದು ಒಪ್ಪಿದರು, ಆದರೆ ಸರಿತಪ್ಪಿನ ಅರಿವು ಇತ್ತು ಎಂದರು. ಆರೋಪಿಯ ಪರ ಬಂದ ಇಬ್ಬರು ತಜ್ಞರು ಆ ಅರಿವು ಇರಲಿಲ್ಲ ಎಂದರು. ಹತ್ತಾರು ಗಂಟೆ ಎದುರು ಕುಳಿತು ಮಾತನಾಡಿಸಿ, ಕಡತಗಳನ್ನೆಲ್ಲ ಓದಿದವರಲ್ಲೇ ಇಷ್ಟು ಭಿನ್ನಾಭಿಪ್ರಾಯವಿತ್ತು. ಆತನ ಸಿದ್ಧತೆ ಇಲ್ಲಿ ಲೆಕ್ಕಕ್ಕೆ ಬಂದದ್ದು ಅದು ಎಷ್ಟು ಜಾಣತನದ್ದು ಎಂಬುದಕ್ಕಾಗಿ ಅಲ್ಲ. ಯಾರಿಂದ ಮುಚ್ಚಿಟ್ಟ, ಸಿಕ್ಕಿಬೀಳುವುದಕ್ಕೆ ಅಂಜಿದನೇ, ಸಮಾಜ ಇದನ್ನು ತಪ್ಪೆನ್ನುತ್ತದೆ ಎಂಬುದು ಗೊತ್ತಿತ್ತೇ ಎಂಬುದನ್ನು ತೋರಿಸುವ ಸಾಕ್ಷಿಯಾಗಿ ಅದು ಬಂತು. 2015ರ ಜುಲೈ 16ರಂದು ತೀರ್ಪುಗಾರರು 165 ಆರೋಪಗಳಲ್ಲೂ ಆತ ಅಪರಾಧಿ ಎಂದರು. ಮರಣದಂಡನೆಯ ಬಗ್ಗೆ ಮಾತ್ರ ಅವರಲ್ಲಿ ಒಮ್ಮತ ಮೂಡಲಿಲ್ಲ. ಅಪರಾಧವನ್ನು ತೊಳೆಯಲಾಗದ ಕಾಯಿಲೆ ಶಿಕ್ಷೆಯ ಘಟ್ಟದಲ್ಲಿ ತೂಕ ಪಡೆಯಿತು. ಆತನಿಗೆ ಜೀವಾವಧಿ ಶಿಕ್ಷೆಯಾಯಿತು.

ನಾರ್ವೆಯಲ್ಲಿ 2011ರಲ್ಲಿ 77 ಮಂದಿಯನ್ನು ಕೊಂದವನು ಅದಕ್ಕಾಗಿ ಬಹುಕಾಲ ತಯಾರಿ ನಡೆಸಿದ್ದ. ಮೊದಲ ತಜ್ಞರ ಜೋಡಿ ಸೈಕೋಸಿಸ್ ಇದೆ ಎಂದಿತು, ಎರಡನೆಯದು ಇಲ್ಲ ಎಂದಿತು, ನ್ಯಾಯಾಲಯ ಎರಡನೆಯದನ್ನು ಒಪ್ಪಿತು. ಅಲ್ಲಿ ಆಗ ಸರಿತಪ್ಪಿನ ಅರಿವಿನ ಪ್ರಶ್ನೆಯೇ ಇರಲಿಲ್ಲ, ಕೃತ್ಯದ ವೇಳೆ ಸೈಕೋಸಿಸ್ ಇತ್ತೇ ಎಂಬುದೇ ಮಾನದಂಡ. ಗಡಿ ದಾಟಿದರೆ ಮತಿಭ್ರಮಣೆಯ ಅರ್ಥವೇ ಬದಲಾಗುತ್ತದೆ.

ಹಾಗಿದ್ದರೂ ಒಂದು ಚಿತ್ರ ನೋಡಿ ರೋಗ ನಿರ್ಣಯಿಸುವ ಚಪಲ ವೈದ್ಯರನ್ನೂ ಬಿಟ್ಟಿಲ್ಲ. 1964ರ ಅಧ್ಯಕ್ಷೀಯ ಚುನಾವಣೆಯ ಹೊತ್ತಿಗೆ ಪತ್ರಿಕೆಯೊಂದು ಅಭ್ಯರ್ಥಿ ಬ್ಯಾರಿ ಗೋಲ್ಡ್‌ವಾಟರ್ ಮಾನಸಿಕವಾಗಿ ಅರ್ಹರೇ ಎಂದು ಸಾವಿರಾರು ಮನೋವೈದ್ಯರನ್ನು ಕೇಳಿತು. 1,189 ಮಂದಿ ಅರ್ಹರಲ್ಲ ಎಂದು ಉತ್ತರಿಸಿದರು. ಗೋಲ್ಡ್‌ವಾಟರ್ ಮಾನನಷ್ಟ ಮೊಕದ್ದಮೆ ಹೂಡಿ ಗೆದ್ದರು. ತಾನು ಪರೀಕ್ಷಿಸದ ವ್ಯಕ್ತಿಯ ಬಗ್ಗೆ, ಅವರ ಒಪ್ಪಿಗೆಯಿಲ್ಲದೆ, ವೃತ್ತಿಪರ ಅಭಿಪ್ರಾಯ ಕೊಡುವುದು ಅನೈತಿಕ ಎಂದು ಅಮೆರಿಕದ ಮನೋವೈದ್ಯರ ಸಂಘ 1973ರಲ್ಲಿ ನಿಯಮ ಮಾಡಿತು.

ಇನ್ನೊಂದು ತಪ್ಪು ನಮ್ಮೆಲ್ಲರ ಮಿದುಳಿನದು. 1975ರಲ್ಲಿ ಮನೋವಿಜ್ಞಾನಿ ಬರೂಕ್ ಫಿಶಾಫ್, ಬ್ರಿಟಿಷರಿಗೂ ಗೂರ್ಖಾಗಳಿಗೂ 19ನೇ ಶತಮಾನದಲ್ಲಿ ನಡೆದ ಯುದ್ಧದ ವಿವರವನ್ನು ಹಲವು ಗುಂಪುಗಳಿಗೆ ಓದಲು ಕೊಟ್ಟರು. ಒಂದೊಂದು ಗುಂಪಿಗೂ ಒಂದೊಂದು ಫಲಿತಾಂಶವನ್ನೇ ನಿಜವೆಂದು ಹೇಳಿದರು. ತಮಗೆ ಹೇಳಿದ ಫಲಿತಾಂಶವೇ ಮೊದಲಿನಿಂದಲೂ ಹೆಚ್ಚು ಸಂಭವನೀಯವಾಗಿತ್ತು ಎಂದು ಓದಿದವರಿಗೆ ಅನಿಸಿತು. ಹತ್ಯಾಕಾಂಡದ ಮಾರನೆಯ ದಿನ ಕೊಲೆಗಾರನ ಮೌನ, ಒಂಟಿತನ, ಫೇಲಾದ ಪರೀಕ್ಷೆ ಎಲ್ಲವೂ ಒಂದೇ ಕಡೆಗೆ ಬೊಟ್ಟು ಮಾಡುವಂತೆ ಕಾಣುವುದು ಹೀಗೆಯೇ. ಅದೇ ಲಕ್ಷಣಗಳಿರುವ, ಯಾರಿಗೂ ಕೇಡು ಮಾಡದ ಲಕ್ಷಾಂತರ ಮಂದಿ ಆ ಕ್ಷಣದಲ್ಲಿ ನಮ್ಮ ನೆನಪಿಗೆ ಬರುವುದಿಲ್ಲ. ಅಮೆರಿಕದ ಒಟ್ಟು ಹಿಂಸೆಯಲ್ಲಿ ಗಂಭೀರ ಮಾನಸಿಕ ಕಾಯಿಲೆಯ ಪಾಲು ಸುಮಾರು ಶೇ 4 ಎಂಬುದು ಬಹುವಾಗಿ ಉಲ್ಲೇಖವಾಗುವ ಅಂದಾಜು. ‘ಹುಚ್ಚ’ ಎಂದು ನಾವು ಆಡುವ ಮಾತಿನ ಪೆಟ್ಟು ಬೀಳುವುದು ಜೈಲಿನಲ್ಲಿರುವವನಿಗಲ್ಲ, ಚಿಕಿತ್ಸೆಗೆ ಹೋಗಲೋ ಬೇಡವೋ ಎಂದು ಅಳುಕುತ್ತಿರುವ ಇಂತಹವರಿಗೆ. ಇದು ನನ್ನನ್ನು ಬಹಳ ನೋಯಿಸುವ ಸಂಗತಿ.

ಮತಿಭ್ರಮಣೆಯ ವಾದ ಕೊಲೆಗಾರರಿಗೆ ಸುಲಭದ ಹಿಂಬಾಗಿಲು ಎಂಬ ಭಯಕ್ಕೂ ಆಧಾರ ಕಡಿಮೆ. 1991ರಲ್ಲಿ ಪ್ರಕಟವಾದ, ಎಂಟು ರಾಜ್ಯಗಳ ಅಧ್ಯಯನದಲ್ಲಿ ಗಂಭೀರ ಅಪರಾಧದ ಪ್ರಕರಣಗಳಲ್ಲಿ ಶೇ 1ಕ್ಕಿಂತ ಕಡಿಮೆ ಆರೋಪಿಗಳು ಇದನ್ನು ಮುಂದಿಟ್ಟಿದ್ದರು. ಅವರಲ್ಲಿ ಯಶಸ್ವಿಯಾದವರು ಸುಮಾರು ಕಾಲುಭಾಗ. ಗೆದ್ದವರೂ ಸೀದಾ ಮನೆಗೆ ಹೋಗುವುದಿಲ್ಲ, ಹಲವರು ವರ್ಷಗಟ್ಟಲೆ ಆಸ್ಪತ್ರೆಯ ಬೀಗದೊಳಗೇ ಇರುತ್ತಾರೆ.

ದಾಳಿಯ ಮೊದಲೇ ಕೇಳಬಹುದಾದ, ಜೀವ ಉಳಿಸಬಲ್ಲ ಪ್ರಶ್ನೆಗಳು ಬೇರೆಯೇ ಇವೆ. 2000ದಿಂದ 2013ರ ನಡುವೆ ಅಮೆರಿಕದಲ್ಲಿ ಇಂತಹ ದಾಳಿ ನಡೆಸಿದ 63 ಮಂದಿಯ ಹಿನ್ನೆಲೆಯನ್ನು ಎಫ್‌ಬಿಐ ಕೆದಕಿ 2018ರಲ್ಲಿ ವರದಿ ಪ್ರಕಟಿಸಿತು. ಯೋಜನೆಯ ಅವಧಿ ತಿಳಿದುಬಂದವರಲ್ಲಿ ಶೇ 77 ಮಂದಿ ಒಂದು ವಾರ ಅಥವಾ ಅದಕ್ಕೂ ಹೆಚ್ಚು ಕಾಲ ದಾಳಿಯ ಯೋಜನೆ ಮಾಡಿದ್ದರು. ಕಾಲುಭಾಗದಷ್ಟು ಮಂದಿಗೆ ಮಾತ್ರ ಮೊದಲೇ ಯಾವುದೋ ಮಾನಸಿಕ ಕಾಯಿಲೆ ಪತ್ತೆಯಾಗಿತ್ತು. ಅರ್ಧಕ್ಕಿಂತ ಹೆಚ್ಚು ಮಂದಿ ತಮ್ಮ ಉದ್ದೇಶವನ್ನು ಯಾರಿಗಾದರೂ ಬಾಯಿಬಿಟ್ಟಿದ್ದರು. ಅರೋರಾದ ಯುವಕನೂ ಕೊಲ್ಲುವ ಯೋಚನೆಗಳಿವೆ ಎಂದು ಮನೋವೈದ್ಯೆಗೆ ಹೇಳಿದ್ದ. ಅವರು ಜೂನ್‌ನಲ್ಲಿ ವಿಶ್ವವಿದ್ಯಾಲಯದ ಪೊಲೀಸರಿಗೆ ತಿಳಿಸಿದ್ದರು. ಅಷ್ಟರಲ್ಲಿ ಆತ ಓದನ್ನೇ ಬಿಟ್ಟು ವಿಶ್ವವಿದ್ಯಾಲಯದ ಕಣ್ಣಿಂದ ದೂರವಾದ, ಬಂದೂಕುಗಳು ಅವನ ಬಳಿಯೇ ಉಳಿದವು. ಕೊಲರಾಡೊ 2019ರಲ್ಲಿ ಅಂಗೀಕರಿಸಿದ ಕಾನೂನಿನ ಪ್ರಕಾರ, ಅಪಾಯದ ಸೂಚನೆ ತೋರಿದವರ ಬಂದೂಕುಗಳನ್ನು ತಾತ್ಕಾಲಿಕವಾಗಿ ವಶಕ್ಕೆ ಪಡೆಯುವಂತೆ ಕುಟುಂಬದವರೋ ಪೊಲೀಸರೋ ನ್ಯಾಯಾಲಯವನ್ನು ಕೋರಬಹುದು. 2023ರಲ್ಲಿ ಆ ಹಕ್ಕು ವೈದ್ಯರಿಗೂ ಶಿಕ್ಷಕರಿಗೂ ಸಿಕ್ಕಿತು. ಅರ್ಜಿ ಹಾಕುವವರು ಅಪಾಯವನ್ನು ತೋರಿಸಿದರೆ ಸಾಕು, ಆ ವ್ಯಕ್ತಿಗೆ ಮಾನಸಿಕ ಕಾಯಿಲೆ ಇದೆಯೆಂದು ಸಾಬೀತು ಮಾಡಬೇಕಿಲ್ಲ.