ಬಲಗಡೆ ಇಂಡಿಕೇಟರ್: ತಿರುಗ್ತಾನಾ, ಸೈಡ್ ಕೊಡ್ತಾನಾ?

ತುಮಕೂರಿನಿಂದ ಕೊರಟಗೆರೆ ಕಡೆ ಹೋಗುತ್ತಿದ್ದೀರಿ ಅಂತ ಇಟ್ಟುಕೊಳ್ಳಿ. ಮುಂದೆ ಲಾರಿ. ಅದರ ಬಲಗಡೆ ಇಂಡಿಕೇಟರ್ ಮಿಟುಕುತ್ತಿದೆ. ಏನರ್ಥ?

ಇದನ್ನು ನಮ್ಮೂರಲ್ಲಿ ನಾಲ್ಕು ಜನರ ಹತ್ತಿರ ಕೇಳಿ ನೋಡಿ. ಬಲಕ್ಕೆ ತಿರುಗುತ್ತಾನೆ ಅಂತ ಒಬ್ಬರು. ಎದುರಿಗೆ ಗಾಡಿ ಇಲ್ಲ, ಸೈಡ್ ಕೊಡುತ್ತಿದ್ದಾನೆ, ಹೋಗು ಅಂತ ಇನ್ನೊಬ್ಬರು. ಎದುರಿಗೆ ಗಾಡಿ ಬರ್ತಿದೆ, ಈಗ ನುಗ್ಗಬೇಡ ಅಂತ ಹೇಳುತ್ತಿದ್ದಾನೆ ಅನ್ನುವವರೂ ಸಿಗುತ್ತಾರೆ. ಎಲ್ಲರೂ ವರ್ಷಗಟ್ಟಲೆ ಗಾಡಿ ಓಡಿಸಿದವರೇ. ಒಂದೇ ದೀಪಕ್ಕೆ ಮೂರು ಅರ್ಥ ಹೇಗೆ ಬಂತು ಅಂತ ತಿಳಿಯಬೇಕಾದರೆ ದೀಪಕ್ಕಿಂತ ಹಿಂದೆ ಹೋಗಬೇಕು, ಕೈ ತೋರಿಸುತ್ತಿದ್ದ ಕಾಲಕ್ಕೆ.

ಮೊದಲು ಇದ್ದದ್ದು ಕೈಸನ್ನೆ ಮಾತ್ರ. ಅದು ಇವತ್ತಿಗೂ ನಿಯಮದಲ್ಲಿದೆ. 1989ರ ರಸ್ತೆ ನಿಯಮಗಳಲ್ಲಿ ಚಾಲಕನ ಬಲಗೈಗೆ ಐದು ಸನ್ನೆ ಕೊಟ್ಟಿದ್ದರು. ಅಂಗೈ ಕೆಳಗೆ ಮಾಡಿ ಮೇಲೆ ಕೆಳಗೆ ಆಡಿಸಿದರೆ ನಿಧಾನ ಮಾಡುತ್ತೇನೆ. ಮುಂಗೈ ನೇರ ಮೇಲೆತ್ತಿದರೆ ನಿಲ್ಲಿಸುತ್ತೇನೆ. ಕೈ ಅಡ್ಡ ಚಾಚಿದರೆ ಬಲಕ್ಕೆ. ಚಾಚಿದ ಕೈಯನ್ನು ಗಡಿಯಾರದ ಮುಳ್ಳಿಗೆ ಎದುರಾಗಿ ಸುತ್ತಿಸಿದರೆ ಎಡಕ್ಕೆ. ಹಿಂದಿನಿಂದ ಮುಂದಕ್ಕೆ ಬೀಸಿದರೆ, ನೀನು ಮುಂದೆ ಹೋಗು.

ಈ ಐದನೆಯದನ್ನು ನೆನಪಿಟ್ಟುಕೊಳ್ಳಿ. ಗೊಂದಲ ಹುಟ್ಟಿದ್ದೇ ಅಲ್ಲಿ.

ಆಮೇಲೆ ಯಂತ್ರ ಬಂತು. ಹಳೇ ಕಾಲದ ಕಾರುಗಳಲ್ಲಿ ಬಾಗಿಲ ಪಕ್ಕದ ಕಂಬದಿಂದ ಒಂದು ಚಿಕ್ಕ ತೋಳು ಟಕ್ ಅಂತ ಹೊರಗೆ ಚಾಚಿಕೊಳ್ಳುತ್ತಿತ್ತು. 1939ರ ಹೊತ್ತಿಗೆ ಅಮೆರಿಕದ ಬ್ಯೂಕ್ ಕಂಪನಿ ಮಿಟುಕುವ ದೀಪವನ್ನು ಕಾರ್ಖಾನೆಯಲ್ಲೇ ಕೂರಿಸಿ ಮಾರಿತು. ಮುಂದೆ ಎಲ್ಲ ಕಡೆ ಅದೇ ನಿಂತಿತು. ನಮ್ಮಲ್ಲಿ 1988ರ ಮೋಟಾರು ವಾಹನ ಕಾಯ್ದೆಯ 121ನೇ ಸೆಕ್ಷನ್ ಇದಕ್ಕೆ ಒಪ್ಪಿಗೆ ಕೊಡುತ್ತದೆ. ಬಲಕ್ಕೆ, ಎಡಕ್ಕೆ, ನಿಲ್ಲಿಸಲು, ಈ ಮೂರಕ್ಕೆ ಕೈಯ ಬದಲು ಯಂತ್ರ ಅಥವಾ ದೀಪ ಬಳಸಬಹುದು ಅನ್ನುತ್ತದೆ. ಮೂರಕ್ಕೆ ಮಾತ್ರ. 'ನೀನು ಮುಂದೆ ಹೋಗು' ಅನ್ನೋದಕ್ಕೆ ದೀಪವೇ ಇಲ್ಲ. ಆ ಮಾತು ಕೈಯಲ್ಲೇ ಉಳಿಯಿತು.

ಆದರೆ ಕೈ ಒಳಗೆ ಹೋಯಿತು ಅಲ್ವಾ? ರಾತ್ರಿ ಹೊತ್ತು ಕೈ ಕಾಣುವುದಿಲ್ಲ, ಮಳೆಯಲ್ಲಿ ಗಾಜು ಇಳಿಸುವುದಿಲ್ಲ. ಹಾಗಾಗಿ ಹಿಂದಿನವನಿಗೆ ಸೈಡ್ ಕೊಡಬೇಕಾದ ಲಾರಿ ಚಾಲಕ, ಬಲಗೈ ಬೀಸುವ ಬದಲು ಬಲಗಡೆ ದೀಪ ಹಾಕತೊಡಗಿದ. ಬಲಗೈ ಮಾಡುತ್ತಿದ್ದ ಕೆಲಸ ಬಲದೀಪಕ್ಕೆ ಬಂತು. ನನಗೆ ಇದರಲ್ಲಿ ತಪ್ಪು ಕಾಣುವುದಿಲ್ಲ. ಹಿಂದಿನವನಿಗೆ ರಸ್ತೆ ಕಾಣುತ್ತಿಲ್ಲ, ತನಗೆ ಕಾಣುತ್ತಿದೆ, ಹೇಳಿ ಉಪಕಾರ ಮಾಡೋಣ ಅನ್ನುವ ಮನಸ್ಸು ಅದು. ಬರೆದಿಟ್ಟವರಿಲ್ಲ, ಕಲಿಸಿದವರಿಲ್ಲ. ಕ್ಲೀನರ್ ಚಾಲಕನಿಂದ ಕಲಿತ, ಮುಂದೆ ಅವನೇ ಚಾಲಕನಾದ.

ದ್ವಿಚಕ್ರ ವಾಹನದ ಕತೆ ಬೇರೆ. ಅದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಬಜಾಜ್ ಚೇತಕ್ ಬಂದದ್ದು 1972ರಲ್ಲಿ. ಆ ಮೊದಲ ಗಾಡಿಗಳಲ್ಲಿ ಇಂಡಿಕೇಟರ್ ಇರಲಿಲ್ಲ. 1980ರ ಟಿವಿಎಸ್ 50 ಮೊಪೆಡ್‌ನಲ್ಲೂ ಇರಲಿಲ್ಲ. ನಮ್ಮಪ್ಪ ಅಶೋಕ ರಸ್ತೆಯಲ್ಲಿ ಸ್ಕೂಟರ್ ತಿರುಗಿಸುವಾಗ ಕೈ ಚಾಚಿ, ಒಮ್ಮೆ ತಿರುಗಿ ನೋಡಿ, ಆಮೇಲೆ ತಿರುಗಿಸುತ್ತಿದ್ದರು. ಎಡಕ್ಕಾದರೆ ಹಿಂದೆ ಕೂತ ನಾನು ಎಡಗೈ ಚಾಚಬೇಕು. ಮರೆತರೆ ಬೈಗುಳ. 1985ರಲ್ಲಿ ಹೀರೋ ಹೋಂಡಾ ಸಿಡಿ 100 ಬಂತು, ಮಾರುತಿ ಕಾರೂ ಅದಕ್ಕಿಂತ ಸ್ವಲ್ಪ ಮೊದಲು. ತೊಂಬತ್ತರ ದಶಕದ ಹೊತ್ತಿಗೆ ಸ್ಕೂಟರಿಗೂ ನಾಲ್ಕು ಮೂಲೆಯಲ್ಲಿ ಕಿತ್ತಳೆ ದೀಪ ಬಂದವು.

ಆದರೆ ಆ ದೀಪಗಳ ಮೇಲೆ ನಂಬಿಕೆ ಹುಟ್ಟಲಿಲ್ಲ. ಕಾರಣ ಇತ್ತು. ಗುಬ್ಬಿ ಗೇಟ್ ಹತ್ತಿರ ಆಟೋ ಎಲೆಕ್ಟ್ರಿಷಿಯನ್ ಅಂಗಡಿಯಲ್ಲಿ ರಜೆಯಲ್ಲಿ ನಾನು ಸುಮ್ನೆ ಕೂರುತ್ತಿದ್ದೆ. ಇಂಡಿಕೇಟರನ್ನು ಮಿಟುಕಿಸುವ ಫ್ಲಾಷರ್ ಅಂದರೆ ಹೆಬ್ಬೆರಳಷ್ಟು ದೊಡ್ಡ ತಗಡಿನ ಡಬ್ಬಿ. ಒಳಗಿನ ಲೋಹದ ಪಟ್ಟಿ ಬಿಸಿಯಾಗಿ ಬಾಗುತ್ತದೆ, ತಣ್ಣಗಾಗಿ ನೆಟ್ಟಗಾಗುತ್ತದೆ, ಅದೇ ಟಕ್ ಟಕ್. ಒಂದು ಬಲ್ಬು ಹೋದರೆ ಕೆಲವು ಗಾಡಿಯಲ್ಲಿ ಉಳಿದದ್ದು ಜೋರಾಗಿ ಮಿಟುಕುತ್ತದೆ, ಕೆಲವದರಲ್ಲಿ ಉರಿದುಕೊಂಡೇ ನಿಲ್ಲುತ್ತದೆ. ಹಳೇ ಸ್ಕೂಟರ್‌ಗಳಲ್ಲಿ ಇನ್ನೊಂದು ಕಷ್ಟ. ಕರೆಂಟು ಬರುವುದು ಓಡುತ್ತಿರುವ ಎಂಜಿನ್‌ನಿಂದ. ತಿರುಗಬೇಕು ಅಂತ ನಿಧಾನ ಮಾಡಿದರೆ ದೀಪವೂ ಮಂಕಾಗುತ್ತದೆ. ಬೇಕಾದ ಹೊತ್ತಿಗೇ ಕೈಕೊಡುವ ದೀಪವನ್ನು ಯಾರು ತಾನೇ ನಂಬುತ್ತಾರೆ? ಇನ್ನೂ ಒಂದು ಸಂಗತಿ. ಕಾರಿನಲ್ಲಿ ಸ್ಟೀರಿಂಗ್ ನೇರವಾದಾಗ ಇಂಡಿಕೇಟರ್ ತಾನಾಗಿ ನಿಲ್ಲುತ್ತದೆ. ಬೈಕಿನಲ್ಲಿ ನಾವೇ ಒತ್ತಿ ಆರಿಸಬೇಕು. ಮರೆತು ಬಟವಾಡಿಯಿಂದ ಕ್ಯಾತಸಂದ್ರದವರೆಗೂ ಎಡಗಡೆ ದೀಪ ಮಿಟುಕಿಸಿಕೊಂಡು ಹೋಗುವವರನ್ನು ನೋಡಿ ನೋಡಿ, ಹಿಂದಿನವರು ಆ ದೀಪ ನೋಡುವುದನ್ನೇ ಬಿಟ್ಟರು.

ಈ ಎರಡು ಕತೆ ಒಂದೇ ರಸ್ತೆಯಲ್ಲಿ ಡಿಕ್ಕಿ ಹೊಡೆದದ್ದನ್ನು ನಾನು ಮೈಮೇಲೆ ತಂದುಕೊಂಡಿದ್ದೇನೆ. ಸುಮಾರು ಇಪ್ಪತ್ತು ವರ್ಷದ ಹಿಂದೆ, ಇದೇ ಕೊರಟಗೆರೆ ರಸ್ತೆ. ಹಿಂದೆ ಹೆಂಡತಿ ಕೂತಿದ್ದಳು. ಮುಂದಿದ್ದ ಲಾರಿ ಅರ್ಧ ಗಂಟೆಯಲ್ಲಿ ಎರಡು ಗಾಡಿಗೆ ಬಲಗಡೆ ದೀಪ ಹಾಕಿ ಸೈಡ್ ಕೊಟ್ಟಿತ್ತು. ಮೂರನೇ ಸಲ ದೀಪ ಬಿತ್ತು. ನಾನು ಎಕ್ಸಲೇಟರ್ ಕೊಟ್ಟು ಪಕ್ಕಕ್ಕೆ ಬಂದೆ. ಅವನು ಈ ಸಲ ನಿಜಕ್ಕೂ ಬಲಕ್ಕೆ, ತೆಂಗಿನ ತೋಟದ ಮಣ್ಣು ದಾರಿಗೆ ತಿರುಗಿಸಿದ. ಬ್ರೇಕ್ ಒತ್ತಿ ರಸ್ತೆ ಅಂಚಿನ ಜಲ್ಲಿ ಮೇಲೆ ಬಿದ್ದೆವು. ನನ್ನ ಮೊಣಕೈ ತರಚಿತು, ಅವಳ ಮಂಡಿ ಊದಿತು. ಚಾಲಕ ಓಡಿ ಬಂದ. ಅವನ ಕೈ ನಡುಗುತ್ತಿತ್ತು. 'ಇಂಡಿಕೇಟರ್ ಹಾಕಿದ್ನಲ್ಲಣ್ಣಾ' ಅಂದ. 'ಅದಕ್ಕೇ ಬಂದೆ' ಅಂದೆ. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ನೀರಿನ ಬಾಟಲಿ ಅವನೇ ತಂದುಕೊಟ್ಟ.

ಆಮೇಲೆ ಬೆಂಗಳೂರು-ಪುಣೆ ಹೆದ್ದಾರಿ ಸುವರ್ಣ ಚತುಷ್ಪಥದ ಭಾಗವಾಗಿ ಅಗಲವಾಯಿತು, ನಡುವೆ ಡಿವೈಡರ್ ಬಂತು. ಅಲ್ಲಿ ಸೈಡ್ ಕೊಡುವ ದೀಪದ ಅಗತ್ಯ ಕಡಿಮೆಯಾಯಿತು. ಆದರೆ ಲೇನ್ ಬದಲಿಸುವ ಮೊದಲು ದೀಪ ಹಾಕಬೇಕು ಅನ್ನುವುದನ್ನು ರಸ್ತೆಯ ಜೊತೆಗೆ ಯಾರೂ ಕಲಿಸಲಿಲ್ಲ. ದಂಡವೂ ಏರಿತು. ಇಂಥ ಸಾಮಾನ್ಯ ತಪ್ಪಿಗೆ ಕಾಯ್ದೆಯಲ್ಲಿ 100 ರೂಪಾಯಿವರೆಗೆ ಇದ್ದದ್ದು 2019ರ ತಿದ್ದುಪಡಿಯಲ್ಲಿ 500 ಆಯಿತು. ಹೆಲ್ಮೆಟ್ ಇಲ್ಲದ ತಲೆ ಕ್ಯಾಮೆರಾದಲ್ಲಿ ಸಿಗುತ್ತದೆ. ಹಾಕದ ಇಂಡಿಕೇಟರ್ ಒಂದು ಫೋಟೋದಲ್ಲಿ ಹೇಗೆ ಸಿಗಬೇಕು?

ಈಗ ಹೊಸದೊಂದು ಸೇರಿಕೊಂಡಿದೆ. ಟೌನ್‌ಹಾಲ್ ಸರ್ಕಲ್‌ನಲ್ಲಿ ನೇರ ಹೋಗುವವರು ನಾಲ್ಕೂ ಇಂಡಿಕೇಟರ್ ಒಟ್ಟಿಗೆ ಹಾಕುತ್ತಾರೆ. ಅದು ಇರುವುದು ಗಾಡಿ ಕೆಟ್ಟು ನಿಂತಾಗ ಎಚ್ಚರಿಸುವುದಕ್ಕೆ. ಎಡಬದಿಯಲ್ಲಿ ನಿಂತವರಿಗೆ ಆ ಕಾರಿನ ಎಡದೀಪ ಮಾತ್ರ ಕಾಣುತ್ತದೆ. ಎಡಕ್ಕೆ ತಿರುಗುತ್ತಾನೆ ಅಂದುಕೊಂಡು ಮುಂದೆ ಬರುತ್ತಾರೆ, ಕಾರು ನೇರ ಬರುತ್ತದೆ. ಇದರ ಭಯ ನನಗೆ ಜಾಸ್ತಿ. ಯಾಕೆಂದರೆ ಇಲ್ಲಿ ತಪ್ಪು ಮಾಡುವವರು ಎಚ್ಚರಿಕೆಯಿಂದ ಓಡಿಸುವವರೇ.

ದೀಪ ಯಾವಾಗ ಹಾಕಬೇಕು ಅನ್ನುವುದೂ ಅಷ್ಟೇ ಮುಖ್ಯ. ನಿಯಮದ ಪ್ರಕಾರ ದೀಪ ನಿಮಿಷಕ್ಕೆ 60ರಿಂದ 120 ಸಲ ಮಿಟುಕಬೇಕು. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಗಾಡಿ ಸೆಕೆಂಡಿಗೆ 11 ಮೀಟರ್ ಹೋಗುತ್ತದೆ. ತಿರುಗುತ್ತಾ ತಿರುಗುತ್ತಾ ಹಾಕಿದರೆ ಹಿಂದಿನವನಿಗೆ ಒಂದು ಮಿಟುಕೂ ಪೂರ್ತಿ ಕಾಣುವುದಿಲ್ಲ.

ನನ್ನ ಮಗಳು ಈಗ ಎಲ್‌ಎಲ್ (ಲರ್ನರ್ಸ್ ಲೈಸೆನ್ಸ್) ಪರೀಕ್ಷೆಗೆ ಓದುತ್ತಿದ್ದಾಳೆ. ಪುಸ್ತಕದಲ್ಲಿ ಕೈಸನ್ನೆಯ ಚಿತ್ರಗಳಿವೆ. ಐದನೆಯದನ್ನು ತೋರಿಸಿ 'ಇದನ್ನ ಈಗ ಯಾರು ಮಾಡ್ತಾರೆ ಅಪ್ಪಾ?' ಅಂದಳು. ಹೋದ ಭಾನುವಾರ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೊರಟಗೆರೆಗೆ ಹೋಗುತ್ತಿದ್ದೆ. ಮುಂದೆ ಹುಲ್ಲು ತುಂಬಿದ ಲಾರಿ, ರಸ್ತೆ ಚೂರೂ ಕಾಣದಷ್ಟು ಅಗಲ. ಸ್ವಲ್ಪ ದೂರ ಹಾಗೇ ಹೋದೆವು. ಆಮೇಲೆ ಕಿಟಕಿಯಿಂದ ಒಂದು ಬಲಗೈ ಹೊರಗೆ ಬಂತು. ಮೊದಲು ಅಂಗೈ ತೋರಿಸಿ ತಡೆಯಿತು. ಎದುರಿನಿಂದ ಒಂದು ಬಸ್ಸು ಹೋಯಿತು. ಆಮೇಲೆ ಆ ಕೈ ಹಿಂದಿನಿಂದ ಮುಂದಕ್ಕೆ ಎರಡು ಸಲ ಬೀಸಿತು. ಮಗಳು 'ಹೋಗು ಅಂತಿದ್ದಾರೆ' ಅಂದಳು. ನಾನು ಇಂಡಿಕೇಟರ್ ಹಾಕಿ ಬಲಕ್ಕೆ ಬಂದೆ.