ಕೋಹ್ಲರ್ ಇಲ್ಯುಮಿನೇಶನ್ ಅಂದರೆ ಏನು?

ಮೈಕ್ರೋಸ್ಕೋಪಿನ ಬುಡದಲ್ಲಿ ಬೆಳಕು ಹೊರಬರುವ ಗಾಜಿನ ಸುತ್ತ, ತಿರುಗಿಸಲು ಬರುವ ಒಂದು ಉಂಗುರ ಇದೆಯಾ ನೋಡಿ. ಕಂಡೆನ್ಸರಿನ, ಅಂದರೆ ಸ್ಟೇಜಿನ ಕೆಳಗಿದ್ದು ಬೆಳಕನ್ನು ಸ್ಲೈಡಿನ ಮೇಲೆ ಕೂಡಿಸುವ ಲೆನ್ಸಿನ, ಪಕ್ಕದಲ್ಲಿ ಎರಡು ಪುಟ್ಟ ಸ್ಕ್ರೂಗಳೂ ಇವೆಯಾ? ಎರಡೂ ಇದ್ದರೆ ನಿಮ್ಮ ಮೈಕ್ರೋಸ್ಕೋಪಿನಲ್ಲಿ ಕೋಹ್ಲರ್ ಇಲ್ಯುಮಿನೇಶನ್ ಮಾಡಬಹುದು. ಬಹಳಷ್ಟು ಲ್ಯಾಬುಗಳಲ್ಲಿ ಆ ಉಂಗುರವನ್ನು ಯಾರೂ ಮುಟ್ಟುವುದೇ ಇಲ್ಲ. ಫೋಕಸ್ ಮಾಡಿದರೆ ಎಲ್ಲಾ ಮುಗಿಯಿತು ಅನ್ನುವ ಅಭ್ಯಾಸ.

ಕೋಹ್ಲರ್ ಇಲ್ಯುಮಿನೇಶನ್ ಅಂದರೆ ಸ್ಲೈಡಿನ ಮೇಲೆ ಬೆಳಕು ಎಲ್ಲಾ ಕಡೆ ಒಂದೇ ಸಮ ಬೀಳುವಂತೆ ಮಾಡುವ ವಿಧಾನ. ದೀಪದ ಬಿಂಬ ಸ್ಲೈಡಿನ ಮೇಲೆ ಮೂಡದಂತೆ ನೋಡಿಕೊಳ್ಳುವುದೇ ಇದರ ಗುಟ್ಟು.

ಇದನ್ನು ಕಂಡುಹಿಡಿದವನು ಜರ್ಮನಿಯ ಆಗಸ್ಟ್ ಕೋಹ್ಲರ್. 1866ರಲ್ಲಿ ಹುಟ್ಟಿದವನು. ಓದಿದ್ದು ಪ್ರಾಣಿಶಾಸ್ತ್ರ. ಗೀಸೆನ್ ವಿಶ್ವವಿದ್ಯಾಲಯದಲ್ಲಿದ್ದಾಗ ಮೈಕ್ರೋಸ್ಕೋಪಿನಿಂದ ಫೋಟೋ ತೆಗೆಯಲು ಹೊರಟ. ಆಗಿನ್ನೂ ಗ್ಯಾಸ್ ದೀಪಗಳ ಕಾಲ. ಸಾಮಾನ್ಯ ಕ್ರಮದಲ್ಲಿ ದೀಪದ ಬಿಂಬವನ್ನೇ ನೇರವಾಗಿ ಸ್ಲೈಡಿನ ಮೇಲೆ ಬೀಳಿಸುತ್ತಿದ್ದರು. ಭೂತಗನ್ನಡಿಯಿಂದ ಸೂರ್ಯನನ್ನು ಕಾಗದದ ಮೇಲೆ ಚುಕ್ಕಿ ಮಾಡುತ್ತೇವಲ್ಲ, ಹಾಗೆ. ಬೆಳಕೇನೋ ಜೋರಾಗಿರುತ್ತದೆ. ಆದರೆ ದೀಪದ ಏರುಪೇರೆಲ್ಲ ಫೋಟೋದಲ್ಲೂ ಬಂದುಬಿಡುತ್ತದೆ. ಕಣ್ಣು ಅಂಥದ್ದನ್ನು ಹೇಗೋ ಸಹಿಸಿಕೊಳ್ಳುತ್ತದೆ, ಫೋಟೋ ಪ್ಲೇಟ್ ಸಹಿಸುವುದಿಲ್ಲ. ಕೋಹ್ಲರ್ ಇದಕ್ಕೊಂದು ದಾರಿ ಕಂಡುಕೊಂಡು 1893ರಲ್ಲಿ ಪ್ರಕಟಿಸಿದ. 1900ರಲ್ಲಿ ಯೆನಾದ ಝೈಸ್ ಕಂಪನಿ ಸೇರಿದ. ಮುಂದೆ ಅಲ್ಟ್ರಾವಯಲೆಟ್ ಮೈಕ್ರೋಸ್ಕೋಪಿನ ಕೆಲಸದಲ್ಲೂ ಅವನ ಹೆಸರಿದೆ. ಆದರೆ ಇವತ್ತಿಗೂ ಜನ ಅವನನ್ನು ನೆನೆಯುವುದು ಈ ಬೆಳಕಿನ ವ್ಯವಸ್ಥೆಗಾಗಿಯೇ.

ಅವನು ಮಾಡಿದ್ದು ಇಷ್ಟು. ದೀಪದ ಮುಂದೆ ಒಂದು ಲೆನ್ಸ್ ಇಟ್ಟ. ಅದು ದೀಪದ ಬಿಂಬವನ್ನು ಸ್ಲೈಡಿನ ಮೇಲೆ ಬೀಳಿಸುವ ಬದಲು, ಕಂಡೆನ್ಸರಿನ ಕೆಳಗಿರುವ, ಕಿಂಡಿಯನ್ನು ದೊಡ್ಡದು ಚಿಕ್ಕದು ಮಾಡುವ ಐರಿಸ್ ಡಯಾಫ್ರಮ್‌ನ ಜಾಗದಲ್ಲಿ ಬೀಳಿಸುತ್ತದೆ. ಅಲ್ಲಿಂದ ಮುಂದೆ ದೀಪದ ಒಂದೊಂದು ಬಿಂದುವಿನ ಬೆಳಕೂ ಸಮಾಂತರ ಕಿರಣಗಳಾಗಿ ಇಡೀ ಸ್ಲೈಡಿನ ಮೇಲೆ ಹರಡಿಕೊಳ್ಳುತ್ತದೆ. ದೀಪದ ಒಂದು ಮೂಲೆ ಮಂಕಾಗಿದ್ದರೂ ಸ್ಲೈಡಿನ ಒಂದು ಮೂಲೆ ಮಂಕಾಗುವುದಿಲ್ಲ, ಒಟ್ಟು ಬೆಳಕು ಸ್ವಲ್ಪ ಕಡಿಮೆಯಾಗುತ್ತದೆ ಅಷ್ಟೇ. ಇನ್ನು ಸ್ಲೈಡಿನ ಮೇಲೆ ಬೀಳುವ ಬಿಂಬ ಯಾವುದರದ್ದು? ಬುಡದಲ್ಲಿರುವ ಆ ಉಂಗುರ ತಿರುಗಿಸಿದರೆ ತೆರೆದು ಮುಚ್ಚುವ ಕಿಂಡಿಯದ್ದು, ಅಂದರೆ ಫೀಲ್ಡ್ ಡಯಾಫ್ರಮ್‌ನದ್ದು. ಇದು ತಲೆಗೆ ಹೋದರೆ ಹೊಂದಿಸುವ ಕ್ರಮವನ್ನು ಬಾಯಿಪಾಠ ಮಾಡಬೇಕಾಗಿಲ್ಲ.

ಮಾಡಿ ನೋಡಿ. ಬಣ್ಣ ಹಾಕಿದ ಸ್ಲೈಡ್ ಒಂದನ್ನು ಸ್ಟೇಜಿನ ಮೇಲಿಟ್ಟು, ಸ್ಲೈಡಿಗೆ ಹತ್ತಿರವಿರುವ 10ಎಕ್ಸ್ ಲೆನ್ಸಿನಲ್ಲಿ, ಅಂದರೆ ಆಬ್ಜೆಕ್ಟಿವ್‌ನಲ್ಲಿ ಚೆನ್ನಾಗಿ ಫೋಕಸ್ ಮಾಡಿಕೊಳ್ಳಿ. ಇನ್ನು ಮುಂದೆ ಫೋಕಸ್ ನಾಬ್ ಮುಟ್ಟಬೇಡಿ. ಕಂಡೆನ್ಸರನ್ನು ಪೂರ್ತಿ ಮೇಲಕ್ಕೆ ಏರಿಸಿ, ಫೀಲ್ಡ್ ಡಯಾಫ್ರಮ್ ಮುಚ್ಚಿ. ಕತ್ತಲೆಯ ನಡುವೆ ಒಂದು ಮಸುಕು ಬೆಳಕಿನ ತುಂಡು ಉಳಿಯುತ್ತದೆ. ಈಗ ಕಂಡೆನ್ಸರನ್ನು ನಿಧಾನಕ್ಕೆ, ಕೂದಲೆಳೆಯಷ್ಟೇ ಕೆಳಗಿಳಿಸಿ. ಆ ತುಂಡಿನ ಅಂಚು ಚೂಪಾಗಿ, ಅದರ ಮೂಲೆಗಳು ಎದ್ದು ಕಾಣುವ ಒಂದು ಎತ್ತರ ಸಿಗುತ್ತದೆ. ಸಾಧಾರಣ ಕಂಡೆನ್ಸರಿನಲ್ಲಿ ಅಂಚಿಗೆ ಕೆಂಪು ಅಥವಾ ನೀಲಿ ಛಾಯೆ ಕಾಣಬಹುದು. ಒಂದು ಬಣ್ಣ ಇನ್ನೊಂದಕ್ಕೆ ತಿರುಗುವ ಜಾಗದಲ್ಲಿ ನಿಲ್ಲಿಸಿ. ತುಂಡು ನಡುವೆ ಇಲ್ಲದಿದ್ದರೆ ಪಕ್ಕದ ಎರಡು ಸ್ಕ್ರೂ ತಿರುಗಿಸಿ ನಡುವಿಗೆ ತನ್ನಿ. ಆಮೇಲೆ ಡಯಾಫ್ರಮ್ ಅನ್ನು ಅದರ ಅಂಚು ನೋಟದಿಂದ ಆಚೆ ಹೋಗುವಷ್ಟು ಮಾತ್ರ ತೆರೆಯಿರಿ. ಪೂರ್ತಿ ತೆರೆದುಬಿಟ್ಟರೆ ಬೇಡದ ಬೆಳಕು ಟ್ಯೂಬಿನೊಳಗೆ ಚದುರಿ ಚಿತ್ರವನ್ನು ಮಂಕು ಮಾಡುತ್ತದೆ.

ಅರ್ಧ ಕೆಲಸ ಆಯಿತು. ಉಳಿದರ್ಧದಲ್ಲೇ ಜನ ಎಡವುವುದು ಜಾಸ್ತಿ.

ಕಂಡೆನ್ಸರಿಗೂ ತನ್ನದೇ ಐರಿಸ್ ಇದೆ. ಅದಕ್ಕೆ ಅಪರ್ಚರ್ ಡಯಾಫ್ರಮ್ ಅನ್ನುತ್ತಾರೆ. ಬೆಳಕು ಜಾಸ್ತಿಯಾಯಿತು ಅನ್ನಿಸಿದ ತಕ್ಷಣ ಕೈ ಹೋಗುವುದು ಅದಕ್ಕೇ. ಹೋಗಬಾರದು. ಬೆಳಕು ಹೆಚ್ಚುಕಡಿಮೆ ಮಾಡಲು ದೀಪದ ನಾಬ್ ಇದೆ. ಈ ಐರಿಸ್ ಇರುವುದು ಬೆಳಕು ಎಷ್ಟು ಅಗಲದ ಕೋನದಲ್ಲಿ ಸ್ಲೈಡನ್ನು ಹಾಯಬೇಕು ಅಂತ ತೀರ್ಮಾನಿಸಲು. ಆ ಕೋನದ ಅಳತೆಯೇ ನ್ಯೂಮರಿಕಲ್ ಅಪರ್ಚರ್. ಆಬ್ಜೆಕ್ಟಿವ್‌ನ ಮೈಮೇಲೆ 0.25, 0.65, 1.25 ಅಂತ ಕೆತ್ತಿರುತ್ತಾರಲ್ಲ, ಅದೇ.

ಲೆಕ್ಕ ಹಾಕಿ ನೋಡೋಣ. 0.65 ಇರುವ 40ಎಕ್ಸ್ ಆಬ್ಜೆಕ್ಟಿವ್, ಹಸಿರು ಬೆಳಕು, ಅಂದರೆ 550 ನ್ಯಾನೋಮೀಟರ್ ತರಂಗಾಂತರದ್ದು. ಕಂಡೆನ್ಸರೂ 0.65ರಷ್ಟು ತೆರೆದಿದ್ದರೆ, ಸುಮಾರು 0.5 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕೆ ಮೈಕ್ರಾನ್ ಅನ್ನುತ್ತಾರೆ) ದೂರವಿರುವ ಎರಡು ಚುಕ್ಕಿಗಳು ಬೇರೆ ಬೇರೆಯಾಗಿ ಕಾಣುತ್ತವೆ. ಕಂಡೆನ್ಸರನ್ನು 0.2ಕ್ಕೆ ಮುಚ್ಚಿದರೆ? ಆ ಅಂತರ 0.8 ಮೈಕ್ರಾನಿಗೆ ಏರುತ್ತದೆ. ದುಡ್ಡು ಕೊಟ್ಟು ಕೊಂಡ ಲೆನ್ಸಿನ ಶಕ್ತಿಯನ್ನು ನಾವೇ ಸುಮ್ನೆ ಕಳೆದುಕೊಂಡ ಹಾಗೆ. ಇದರ ಮೇಲೆ ಇನ್ನೊಂದು ಮೋಸವೂ ಇದೆ. ಐರಿಸ್ ಮುಚ್ಚಿದಷ್ಟೂ ಅಂಚುಗಳು ಕಪ್ಪಾಗಿ ಎದ್ದು ಕಾಣುತ್ತವೆ. ನೋಡುವವರು ಚಿತ್ರ ಸ್ಪಷ್ಟವಾಯಿತು ಅಂದುಕೊಳ್ಳುತ್ತಾರೆ. ನಿಜಕ್ಕೂ ಕಾಣುತ್ತಿರುವುದು ಬೆಳಕು ಅಂಚಿನಲ್ಲಿ ಬಾಗಿ ಮಾಡಿದ ಗೆರೆಗಳು. ಲೆನ್ಸಿನ ಧೂಳೂ ಆಗಲೇ ದೊಡ್ಡದಾಗಿ ತೋರುವುದು.

ಹಾಗಾದರೆ ಎಷ್ಟು ತೆರೆಯಬೇಕು? ಕಣ್ಣಿಟ್ಟು ನೋಡುವ ಲೆನ್ಸ್, ಅಂದರೆ ಐಪೀಸ್ ಒಂದನ್ನು ತೆಗೆದು, ಬರಿಗಣ್ಣಲ್ಲಿ ಟ್ಯೂಬಿನೊಳಗೆ ನೋಡಿ. ಒಂದು ಬೆಳಕಿನ ವೃತ್ತ ಕಾಣುತ್ತದೆ. ಐರಿಸ್ ಮುಚ್ಚುತ್ತಾ ಹೋದರೆ ಅದರ ಅಂಚು ವೃತ್ತದೊಳಗೆ ಬರುತ್ತದೆ. ವೃತ್ತದ ಅಡ್ಡಳತೆಯ ಮೂರರಲ್ಲಿ ಎರಡು ಭಾಗದಿಂದ ನಾಲ್ಕರಲ್ಲಿ ಮೂರು ಭಾಗದವರೆಗೆ ಬೆಳಕಿರುವಂತೆ ಬಿಡಿ. ಇದೇನೂ ಶಾಸನವಲ್ಲ. ಮಲೇರಿಯಾ ನೋಡಲು ಬಣ್ಣ ಹಾಕಿದ ರಕ್ತದ ಸ್ಮಿಯರ್ ಇದ್ದರೆ, 100ಎಕ್ಸ್ ಆಯಿಲ್ ಆಬ್ಜೆಕ್ಟಿವ್‌ಗೆ ಐರಿಸ್ ಇನ್ನಷ್ಟು ತೆರೆದಿರಲಿ. ಅಲ್ಲಿ ಬಣ್ಣವೇ ವ್ಯತ್ಯಾಸ ತೋರಿಸುತ್ತದೆ. ಬಣ್ಣವಿಲ್ಲದ ಕೆನ್ನೆಯ ಕೋಶವನ್ನೋ ಕೆರೆ ನೀರಿನ ಹನಿಯನ್ನೋ ನೋಡುವಾಗ ಸ್ವಲ್ಪ ಹೆಚ್ಚು ಮುಚ್ಚಲೇಬೇಕು, ಇಲ್ಲದಿದ್ದರೆ ಏನೂ ಕಾಣದು. ಏನು ಕಳೆದುಕೊಳ್ಳುತ್ತಿದ್ದೇವೆ ಅಂತ ಗೊತ್ತಿದ್ದು ಮುಚ್ಚಿದರೆ ತಪ್ಪಿಲ್ಲ.

ಆಬ್ಜೆಕ್ಟಿವ್ ಬದಲಿಸಿದಾಗಲೆಲ್ಲ ಎರಡೂ ಡಯಾಫ್ರಮ್ ಮತ್ತೆ ಹೊಂದಿಸಬೇಕು. ಕಿರಿಕಿರಿ ಅನ್ನಿಸಬಹುದು, ಕೈ ಪಳಗಿದರೆ ಕ್ಷಣದ ಕೆಲಸ. 4ಎಕ್ಸ್‌ಗೆ ಬಂದಾಗ ನೋಟದ ಸುತ್ತ ಕತ್ತಲೆ ಕವಿದರೆ ಹೆದರಬೇಡಿ. ಕಂಡೆನ್ಸರಿನ ಮೇಲಿನ ಲೆನ್ಸ್ ಪಕ್ಕಕ್ಕೆ ಸರಿಯುವಂಥದ್ದಾದರೆ ಸರಿಸಿ. ಫೇಸ್ ಕಾಂಟ್ರಾಸ್ಟ್ (ಬಣ್ಣ ಹಾಕದ ಕೋಶಗಳನ್ನು ಎದ್ದು ಕಾಣಿಸುವ ವಿಧಾನ) ಮಾಡುವವರಿಗಂತೂ ಕೋಹ್ಲರ್ ಬಿಟ್ಟರೆ ಗತಿಯಿಲ್ಲ. ಕಂಡೆನ್ಸರಿನಲ್ಲೂ ಆಬ್ಜೆಕ್ಟಿವ್‌ನಲ್ಲೂ ಇರುವ ಅದರ ಉಂಗುರಗಳು ಒಂದರ ಮೇಲೊಂದು ಸರಿಯಾಗಿ ಕೂರಲು ಬೆಳಕು ಮೊದಲು ನಡುವಿಗೆ ಬಂದಿರಬೇಕು.

ಈಗ ಎಲ್‌ಇಡಿ ಬಂದಿದೆಯಲ್ಲ, ಇದೆಲ್ಲ ಯಾಕೆ ಅಂತ ಕೇಳುವವರಿದ್ದಾರೆ. ಬಲ್ಬಿನ ತಂತಿಯ ಸುರುಳಿ ಕಾಣುವ ತೊಂದರೆ ಈಗ ಅಷ್ಟಾಗಿ ಇಲ್ಲ, ನಿಜ. ಆದರೆ ಕಂಡೆನ್ಸರ್ ಎಲ್ಲಿ ನಿಂತಿದೆ, ಐರಿಸ್ ಎಷ್ಟು ತೆರೆದಿದೆ ಅನ್ನುವುದನ್ನು ಎಲ್‌ಇಡಿ ಸರಿಮಾಡುವುದಿಲ್ಲ.

ಕಾಲೇಜುಗಳಲ್ಲಿರುವ ಕನ್ನಡಿ ಮೈಕ್ರೋಸ್ಕೋಪಿನಲ್ಲಿ ಫೀಲ್ಡ್ ಡಯಾಫ್ರಮ್ ಇರುವುದಿಲ್ಲ, ಹಾಗಾಗಿ ಪೂರ್ತಿ ಕೋಹ್ಲರ್ ಆಗದು. ಕಂಡೆನ್ಸರ್ ಇದ್ದರೆ ಕನ್ನಡಿಯ ಚಪ್ಪಟೆ ಮುಖ ಬಳಸಿ, ಇಲ್ಲದಿದ್ದರೆ ತಗ್ಗು ಮುಖ. ನೇರ ಬಿಸಿಲಿಗೆ ಮಾತ್ರ ಯಾವತ್ತೂ ತಿರುಗಿಸಬೇಡಿ, ಕಣ್ಣು ಹೋಗುತ್ತದೆ. ದೀಪ ಇದ್ದೂ ಫೀಲ್ಡ್ ಡಯಾಫ್ರಮ್ ಇಲ್ಲದ ಮೈಕ್ರೋಸ್ಕೋಪಾದರೆ ಒಂದು ಉಪಾಯವಿದೆ. ಸ್ಲೈಡ್ ಫೋಕಸ್ ಮಾಡಿಕೊಂಡು, ಪೆನ್ಸಿಲಿನ ಮೊನೆಯನ್ನು ಬುಡದ ಗಾಜಿನ ಮೇಲೆ ಹಿಡಿಯಿರಿ. ಕಂಡೆನ್ಸರನ್ನು ಮೇಲೆ ಕೆಳಗೆ ಮಾಡುತ್ತಾ ಹೋದರೆ, ಸ್ಲೈಡಿನ ಜೊತೆಗೆ ಮೊನೆಯೂ ಚೂಪಾಗಿ ಕಾಣುವ ಎತ್ತರ ಸಿಗುತ್ತದೆ. ಕಂಡೆನ್ಸರ್ ಅಲ್ಲೇ ಇರಲಿ, ಪೆನ್ಸಿಲ್ ತೆಗೆಯಿರಿ.