ಪ್ಲೇಟಿಂಗ್ ಲ್ಯಾಬ್ ‘ಬೇಡ’ ಅಂದರೆ ಬೇಡವೇ

ವಿಮಾನದ ಲ್ಯಾಂಡಿಂಗ್ ಗೇರ್‌ಗೆ ಹೋಗುವ ಗಟ್ಟಿ ಉಕ್ಕಿನ ಬೋಲ್ಟ್. ಮೇಲೆ ಕ್ಯಾಡ್ಮಿಯಂ ಲೇಪ, ಅದರ ಮೇಲೆ ಹೊಂಬಣ್ಣದ ತೆಳು ಕ್ರೋಮೇಟ್ ಪದರ. ಅಳತೆ ಸರಿಯಾಗಿದೆ, ನೋಡೋಕೂ ಚೆನ್ನಾಗಿದೆ. ಆದರೂ ಬಿಗಿದು ಕೂರಿಸಿದ ಕೆಲವು ಗಂಟೆಗಳೋ ದಿನಗಳೋ ಆದ ಮೇಲೆ, ಯಾರೂ ಮುಟ್ಟದೆ ಇದ್ದಾಗಲೇ ಅದು ಪಟ್ ಅಂತ ಮುರಿಯಬಹುದು.

ಕಾರಣ ಹೈಡ್ರೋಜನ್. ಲೇಪ ಕೊಡುವ, ಅಂದರೆ ಪ್ಲೇಟಿಂಗ್ ಮಾಡುವ ದ್ರಾವಣದ ತೊಟ್ಟಿಯಲ್ಲಿ ಕರೆಂಟ್ ಹರಿಸಿದಾಗ ಉಕ್ಕಿನ ಮೇಲೆ ಕ್ಯಾಡ್ಮಿಯಂ ಕೂರುತ್ತದೆ, ಜೊತೆಗೆ ಹೈಡ್ರೋಜನ್ ಕೂಡ ಹುಟ್ಟುತ್ತದೆ. ಒಂದಿಷ್ಟು ಗುಳ್ಳೆಯಾಗಿ ಹೋಗುತ್ತದೆ, ಒಂದಿಷ್ಟು ಉಕ್ಕಿನೊಳಗೆ ಇಳಿದು ಅದನ್ನು ಪೆಡಸಾಗಿಸುತ್ತದೆ. ಉಕ್ಕು ಗಟ್ಟಿಯಾದಷ್ಟೂ ಅಪಾಯ ಜಾಸ್ತಿ. ಅದಕ್ಕೇ ಬೇಕಿಂಗ್ ಮಾಡುತ್ತೇವೆ, ಅಂದರೆ ಒಲೆಯಲ್ಲಿ ಕಾಯಿಸಿ ಆ ಹೈಡ್ರೋಜನ್ ಹೊರಹಾಕುತ್ತೇವೆ. ಸಾಮಾನ್ಯ ನಿಯಮದ ಪ್ರಕಾರ, ಗಡಸುತನ ಅಳೆಯುವ ರಾಕ್‌ವೆಲ್ ಸಿ ಮಾಪನದಲ್ಲಿ 40ಕ್ಕಿಂತ ಗಟ್ಟಿಯಾದ ಉಕ್ಕು ಪ್ಲೇಟಿಂಗ್ ಮುಗಿದ 4 ಗಂಟೆಯೊಳಗೆ ಒಲೆ ಸೇರಬೇಕು, ಸುಮಾರು 190 ಡಿಗ್ರಿ ಸೆಲ್ಸಿಯಸ್‌ನಲ್ಲಿ 23 ಗಂಟೆ ಇರಬೇಕು. ಹೊಂಬಣ್ಣದ ಕ್ರೋಮೇಟ್ ಪದರ ಅಷ್ಟು ಬಿಸಿ ತಡೆಯುವುದಿಲ್ಲ, ಹಾಗಾಗಿ ಅದನ್ನು ಒಲೆಯಿಂದ ತೆಗೆದ ಮೇಲೇ ಕೊಡಬೇಕು.

ಇಷ್ಟೆಲ್ಲ ಸರಿಯಾಗಿ ನಡೆದಿದೆಯೋ ಇಲ್ಲವೋ ಬೋಲ್ಟ್ ನೋಡಿ ಹೇಳೋಕಾಗಲ್ಲ. ಬೇಕ್ ಆದದ್ದೂ ಆಗದ್ದೂ ಪಕ್ಕಪಕ್ಕ ಇಟ್ಟರೆ ಪ್ಲೇಟಿಂಗ್ ಲ್ಯಾಬಿನ ಕೆಮಿಸ್ಟ್ ಆದ ನನಗೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಒಲೆಯ ಚಾರ್ಟ್, ಪ್ರೊಸೆಸ್ ಶೀಟ್‌ನಲ್ಲಿ ಬರೆದ ಗಂಟೆ, ಮತ್ತು ಲ್ಯಾಬಿನ ಪರೀಕ್ಷೆ, ನಂಬಿಕೆಗೆ ಇರುವುದು ಇಷ್ಟೇ. ಪರೀಕ್ಷೆಗೆ ಕಚ್ಚು ಹಾಕಿದ ಉಕ್ಕಿನ ಮಾದರಿಗಳನ್ನು ಅದೇ ತೊಟ್ಟಿಯಲ್ಲಿ ಪ್ಲೇಟ್ ಮಾಡುತ್ತೇವೆ. ಅವು ಮುರಿಯುವ ಬಲದ ಶೇ. 75ರಷ್ಟನ್ನು ಹೇರಿ 200 ಗಂಟೆ ಬಿಡುತ್ತೇವೆ. ಮುರಿಯದಿದ್ದರೆ ತೊಟ್ಟಿ ಪಾಸ್.

ಈಗ ಆ 4 ಗಂಟೆಯ ಪಕ್ಕ ಇನ್ನೊಂದು ಗಡಿಯಾರ ಇಡಿ. 1948ರ ಕಾರ್ಖಾನೆ ಕಾಯ್ದೆಯ 66ನೇ ಸೆಕ್ಷನ್ ಪ್ರಕಾರ ಹೆಂಗಸರ ಕೆಲಸ ಬೆಳಗ್ಗೆ 6ರಿಂದ ಸಂಜೆ 7ರವರೆಗೆ ಮಾತ್ರ ಇತ್ತು. ಸಂಜೆ 5ಕ್ಕೆ ತೊಟ್ಟಿಯಿಂದ ಬಂದ ಲಾಟ್ (ಒಟ್ಟಿಗೆ ಪ್ಲೇಟ್ ಮಾಡಿದ ಭಾಗಗಳ ಗುಂಪು) ರಾತ್ರಿ 9ರೊಳಗೆ ಒಲೆ ಸೇರಿತೇ ಅಂತ ನೋಡುವವರು ಯಾರು? ಉಳಿಯುವುದಕ್ಕೆ ಅವಕಾಶ ಇದ್ದವರು, ಅಂದರೆ ಗಂಡಸರು. ನಿರ್ಧಾರಗಳು ಸಂಜೆಯ ಮೇಲೇ ಆಗುತ್ತಿದ್ದವು. ಲಾಟ್ ಬಿಡಬೇಕೋ ಹಿಡಿಯಬೇಕೋ ಅಂತ ಸಹಿ ಹಾಕಿದವರೇ ಮುಂದೆ ಸೂಪರ್‌ವೈಸರ್ ಆಗುತ್ತಿದ್ದರು. ನನ್ನ ಕಾಲದ ಎಷ್ಟೋ ಒಳ್ಳೆಯ ಕೆಮಿಸ್ಟ್‌ಗಳು ವರ್ಷಗಟ್ಟಲೆ ಲ್ಯಾಬಿನ ಬ್ಯೂರೆಟ್ ಮುಂದೆಯೇ ಉಳಿದರು. ಅವರಿಗೆ ಸಾಮರ್ಥ್ಯ ಕಡಿಮೆ ಇತ್ತು ಅಂತ ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ.

ಇನ್ನೊಂದು ಬಾಗಿಲೂ ಮುಚ್ಚಿತ್ತು. ಕ್ರೋಮಿಕ್ ಆಮ್ಲದ ಪ್ಲೇಟಿಂಗ್ ಅಪಾಯಕಾರಿ ಕೆಲಸಗಳ ಪಟ್ಟಿಯಲ್ಲಿದೆ. ಹಲವು ರಾಜ್ಯಗಳ ನಿಯಮಗಳಲ್ಲಿ ಆ ತೊಟ್ಟಿಯ ಬಳಿ ಹೆಂಗಸರನ್ನು ಕೆಲಸಕ್ಕೆ ನಿಲ್ಲಿಸಬಾರದು ಅಂತ ಬರೆದಿತ್ತು. ಹಾಗಾಗಿ ನಮ್ಮಂಥವರು ಈ ಉದ್ಯಮಕ್ಕೆ ಬಂದದ್ದೇ ಲ್ಯಾಬಿನ ಬಾಗಿಲಿನಿಂದ. ಅಪಾಯ ನಿಜ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆ ಆಮ್ಲದಲ್ಲಿರುವ ಆರು ವೇಲೆನ್ಸಿಯ ಕ್ರೋಮಿಯಂನ ಮಂಜು ಶ್ವಾಸಕೋಶದ ಕ್ಯಾನ್ಸರ್ ತರುತ್ತದೆ, ಮೂಗಿನ ನಡುಗೋಡೆಯನ್ನೇ ತೂತು ಮಾಡುತ್ತದೆ. ಆದರೆ ಗಂಡಸರ ಮೂಗೇನು ಬೇರೆ ಚರ್ಮದ್ದಾ? ತೊಟ್ಟಿಯ ಅಂಚಿನಲ್ಲಿ ಗಾಳಿ ಎಳೆಯುವ ವ್ಯವಸ್ಥೆ ಸರಿಯಾಗಿರಬೇಕು, ಗಾಳಿಯ ಮಾದರಿ ತೆಗೆದು ಅಳೆಯಬೇಕು, ಕೆಲಸಗಾರರ ಆರೋಗ್ಯ ತಪಾಸಣೆ ಆಗಬೇಕು. ಹೆಂಗಸರನ್ನು ಹೊರಗಿಟ್ಟರೆ ಆ ಮಂಜು ಕಡಿಮೆಯಾಗುವುದಿಲ್ಲ.

ಲ್ಯಾಬಿನಲ್ಲೇ ಕೂತರೆ ಲ್ಯಾಬ್ ಕೆಲಸ ಅರ್ಧವೇ ಬರುತ್ತದೆ. ಟೈಟ್ರೇಷನ್, ಅಂದರೆ ಬ್ಯೂರೆಟ್‌ನಿಂದ ಹನಿಹನಿ ಹಾಕಿ ಅಳೆಯುವ ಪರೀಕ್ಷೆ, ತೊಟ್ಟಿಯ ದ್ರಾವಣದಲ್ಲಿ ಸಯನೈಡ್ ಎಷ್ಟಿದೆ, ಕಾರ್ಬೊನೇಟ್ ಎಷ್ಟು ಏರಿದೆ ಅಂತ ಹೇಳುತ್ತದೆ. ಲೇಪ ಯಾಕೆ ಸುಲಿಯುತ್ತಿದೆ ಅಂತ ತಿಳಿಯಲು ಲೈನಿಗೇ, ಅಂದರೆ ತೊಟ್ಟಿಗಳ ಸಾಲಿಗೇ ಹೋಗಬೇಕು. ಹೊಸಬರಿಗೆ ನಾನು ಮೊದಲು ತೋರಿಸುವುದು ತೊಳೆದ ಭಾಗವನ್ನು ನೀರಿನಿಂದ ಎತ್ತುವುದನ್ನು. ನೀರು ಒಂದೇ ಪದರವಾಗಿ ಅರ್ಧ ನಿಮಿಷ ನಿಂತರೆ ಲೋಹ ಶುದ್ಧ. ಎಣ್ಣೆ ಹಚ್ಚಿದ ದೋಸೆ ಹಂಚಿನ ಮೇಲಿನ ಹಾಗೆ ಹನಿಹನಿಯಾಗಿ ಒಡೆದರೆ ಮತ್ತೆ ತೊಳೆಯಬೇಕು. ಆಮೇಲೆ ಹಲ್ ಸೆಲ್. 267 ಮಿಲಿಲೀಟರ್ ದ್ರಾವಣ ಹಿಡಿಯುವ ಓರೆಗೋಡೆಯ ಪುಟ್ಟ ಪೆಟ್ಟಿಗೆ ಅದು. ಅದರಲ್ಲಿ ಪ್ಲೇಟ್ ಮಾಡಿದ ಒಂದೇ ತಗಡಿನ ಮೇಲೆ ಕಡಿಮೆ ಕರೆಂಟಿನಿಂದ ಜಾಸ್ತಿ ಕರೆಂಟಿನವರೆಗೆ ತೊಟ್ಟಿ ಹೇಗೆ ವರ್ತಿಸುತ್ತದೆ ಅನ್ನುವುದೆಲ್ಲ ಕಾಣುತ್ತದೆ. ಎಲ್ಲಿ ಸುಟ್ಟಿದೆ, ಎಲ್ಲಿ ಮಂಕಾಗಿದೆ ಅಂತ ಓದೋಕೆ ಕಣ್ಣು ಪಳಗಬೇಕು.

2019ರ ನವೆಂಬರ್‌ನಲ್ಲಿ ಕರ್ನಾಟಕ ಸರ್ಕಾರ ಹೆಂಗಸರ ರಾತ್ರಿ ಪಾಳಿಗೆ ಅನುಮತಿ ಕೊಟ್ಟಿತು. ಕೆಲಸಗಾರ್ತಿಯ ಒಪ್ಪಿಗೆ, ಮನೆಗೆ ವಾಹನ, ಭದ್ರತೆ ಇವೆಲ್ಲ ಷರತ್ತುಗಳು. ಒಲೆಯ ಮುಂದೆ ರಾತ್ರಿ ನಿಂತು ಚಾರ್ಟ್‌ಗೆ ಸಹಿ ಹಾಕಲು ಕಾನೂನಿನ ಅಡ್ಡಿ ಈಗಿಲ್ಲ. ಆದರೆ ಪಾಳಿ ಸಿಕ್ಕ ಮಾತ್ರಕ್ಕೆ ಅಧಿಕಾರ ಸಿಗುವುದಿಲ್ಲ. ಒಮ್ಮೆ ಒಂದು ಲಾಟ್ ಗಡುವು ದಾಟಿ ಒಲೆ ಸೇರಿತ್ತು. ನಾನು ತಡೆಹಿಡಿದೆ. ಕೆಲವೇ ನಿಮಿಷ ತಾನೆ, ಸುಮ್ನೆ ಯಾಕೆ ದೊಡ್ಡದು ಮಾಡ್ತೀರಾ ಅಂದರು ಉತ್ಪಾದನೆಯವರು. ದುಬಾರಿ ಭಾಗಗಳು, ಮರುದಿನವೇ ಹೋಗಬೇಕಿತ್ತು. ಆದರೆ ಇಂಥದ್ದನ್ನು ಗ್ರಾಹಕರಿಗೆ ತಿಳಿಸಿ ಅವರು ಹೇಳಿದಂತೆಯೇ ಮಾಡಬೇಕು. ಪ್ಲೇಟಿಂಗ್ ಶಾಪಿನಲ್ಲಿ ಯಾರಿಗೂ ಆ ನಿಮಿಷಗಳನ್ನು ಮನ್ನಾ ಮಾಡುವ ಹಕ್ಕಿಲ್ಲ. ಅವತ್ತು ಲಾಟ್ ನಿಂತಿತು. ನಾನು ಜೋರಾಗಿ ವಾದಿಸಿದೆ ಅಂತಲ್ಲ, ನನ್ನ ಮೇಲಧಿಕಾರಿ ಗುಣಮಟ್ಟ ವಿಭಾಗದವರು, ಉತ್ಪಾದನೆಯವರಲ್ಲ ಅಂತ. ವಿಮಾನ ಉದ್ಯಮದ ಇಂಥ ವಿಶೇಷ ಪ್ರಕ್ರಿಯೆಗಳಿಗೆ ಮಾನ್ಯತೆ ಕೊಡುವ ನಾಡ್‌ಕ್ಯಾಪ್‌ನ ಆಡಿಟ್‌ಗೆ ಬರುವವರು ಒಂದು ಭಾಗವನ್ನು ಹಿಡಿದು ಮೊದಲ ತೊಟ್ಟಿಯಿಂದ ಕೊನೆಯ ಸಹಿಯವರೆಗೆ ಬೆನ್ನು ಹತ್ತುತ್ತಾರೆ. ಅಂಥ ಕಣ್ಣು ದಿನವೂ ಒಳಗೇ ಇರಬೇಕು, ಅಲ್ವಾ?

ಮುಂದೆ ಈ ಕಣ್ಣಿನ ಕೆಲಸ ಹೆಚ್ಚಾಗುತ್ತದೆ. 1923ರಲ್ಲಿ ಬ್ರಿಟನ್ನಿನಲ್ಲಿ ಸಮುದ್ರ ವಿಮಾನಗಳ ಡ್ಯುರಾಲುಮಿನ್ (ಒಂದು ಅಲ್ಯೂಮಿನಿಯಂ ಮಿಶ್ರಲೋಹ) ಭಾಗಗಳಿಗಾಗಿ ಶುರುವಾದ ಕ್ರೋಮಿಕ್ ಆಮ್ಲದ ಆನೋಡೈಸಿಂಗ್ (ಕರೆಂಟ್ ಹರಿಸಿ ಅಲ್ಯೂಮಿನಿಯಂ ಮೇಲೆ ರಕ್ಷಣೆಯ ಆಕ್ಸೈಡ್ ಪದರ ಬೆಳೆಸುವುದು) ಈಗ ಹಿಂದೆ ಸರಿಯುತ್ತಿದೆ. 2017ರ ಸೆಪ್ಟೆಂಬರ್ ನಂತರ ಯುರೋಪಿನಲ್ಲಿ ಆ ಆಮ್ಲ ಮಾಡುವ ಕ್ರೋಮಿಯಂ ಟ್ರೈಆಕ್ಸೈಡ್ ಬಳಸಲು ವಿಶೇಷ ಅನುಮತಿ ಬೇಕು. ಏರ್‌ಬಸ್ ಟಾರ್ಟಾರಿಕ್-ಸಲ್ಫ್ಯೂರಿಕ್ ಕಡೆ, ಬೋಯಿಂಗ್ ಬೋರಿಕ್-ಸಲ್ಫ್ಯೂರಿಕ್ ಆಮ್ಲಗಳ ಕಡೆ ಹೋದವು. ಅವರ ಭಾಗ ಮಾಡುವ ನಮ್ಮ ಶಾಪ್‌ಗಳೂ ಬದಲಾಗಲೇಬೇಕು. ಕೆಲಸಗಾರರ ಆರೋಗ್ಯಕ್ಕೆ ಇದು ಒಳ್ಳೆಯದು, ನನಗೆ ಖುಷಿ ಇದೆ. ಆದರೆ ಕ್ರೋಮಿಕ್ ಆಮ್ಲಕ್ಕೆ ಒಂದು ಗುಣವಿತ್ತು. ಜೋಡಣೆಯ ಸಂದಿಯಲ್ಲಿ ಸ್ವಲ್ಪ ಉಳಿದರೂ ಅಲ್ಯೂಮಿನಿಯಂ ಅನ್ನು ಅಷ್ಟಾಗಿ ತಿನ್ನುತ್ತಿರಲಿಲ್ಲ. ಸಲ್ಫ್ಯೂರಿಕ್ ಹಾಗಲ್ಲ, ಉಳಿದ ಕಡೆ ಕೊರೆಯುತ್ತದೆ. ತೊಳೆಯುವುದು, ತೊಳೆದ ನೀರನ್ನು ಅಳೆಯುವುದು ಇನ್ನೂ ಬಿಗಿಯಾಗಬೇಕು.

ಪೀಣ್ಯ, ದೇವನಹಳ್ಳಿ, ಬೆಳಗಾವಿ ಹತ್ತಿರದ ಹತ್ತರಗಿ, ಎಲ್ಲಿ ಕೆಲಸಕ್ಕೆ ಕರೆದರೂ, ಕೆಮಿಸ್ಟ್ರಿ ಓದಿದ ಹುಡುಗಿಯರೇ, ಸಂಬಳ ಕೇಳುವ ಮೊದಲು ಎರಡು ಪ್ರಶ್ನೆ ಕೇಳಿ. ನನ್ನನ್ನು ಲೈನಿಗೆ ಬಿಡುತ್ತೀರಾ? ಲಾಟ್ ಬಿಡಬೇಡಿ ಅಂತ ನಾನು ಬರೆದರೆ, ಅದನ್ನು ತಿದ್ದುವ ಅಧಿಕಾರ ಯಾರಿಗಿದೆ? ಎರಡನೆಯದಕ್ಕೆ ಉತ್ಪಾದನಾ ಮ್ಯಾನೇಜರ್ ಅನ್ನುವ ಉತ್ತರ ಬಂದರೆ, ಬೇರೆ ಕಡೆ ಅರ್ಜಿ ಹಾಕಿ.